ಕಾಫಿ ಕಣದಲ್ಲಿ ಕಾರಿಗೆ ಹದ ಕೂಡಿಸಿದ್ದು

ಕಾರಿಗೆ ಕಾಯ್ಲೋವರ್, ಅಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೆಟ್ಟು, ಬಿಗಿಯಲು ನನಗೂ ಭಾವನಿಗೂ ಹಿಡಿದದ್ದು ಎರಡು ದಿನ. ಅದನ್ನು ಹದಕ್ಕೆ ತರಲು ಏಪ್ರಿಲ್‌ನಿಂದ ಜುಲೈವರೆಗೆ ಬೇಕಾಯಿತು. ಡಬ್ಬಿಯಲ್ಲಿ ಬಂದ ಸಾಮಾನಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆಮೇಲಿನ ಆ ಮೂರು ತಿಂಗಳ ಬಗ್ಗೆ ಹೇಳುವವರು ಕಡಿಮೆ. ಹಾಗಾಗಿ ಬರೆಯುತ್ತಿದ್ದೇನೆ.

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ರೊಬಸ್ಟಾ ಕಾಫಿ ತೋಟ. ಕಾರು ಎರಡನೇ ತಲೆಮಾರಿನ ಆಡಿ ಟಿಟಿ. 2.0 ಲೀಟರ್ ಟರ್ಬೋ ಪೆಟ್ರೋಲ್, 211 ಅಶ್ವಶಕ್ತಿ, ಕ್ವಾಟ್ರೋ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಚಿಕ್ಕಂದಿನಿಂದ ಆ ದುಂಡು ಆಕಾರದ ಮೇಲೆ ನನಗಿದ್ದ ಆಸೆಯನ್ನು ಇಲ್ಲಿ ವಿವರಿಸುತ್ತಾ ಕೂರುವುದಿಲ್ಲ. ತಂದ ಎರಡನೇ ವರ್ಷಕ್ಕೆ ಹಿಂದಿನ ಬಲಗಡೆಯ ಶಾಕ್ ಅಬ್ಸಾರ್ಬರ್ ಎಣ್ಣೆ ಸುರಿಸತೊಡಗಿತು. ಬೋಯಿಕೇರಿಯ ತಿರುವುಗಳಲ್ಲಿ ಕಾರು ಒಮ್ಮೆ ಕುಣಿದರೆ ನಿಲ್ಲಲು ಮೂರು ಸಲ ಆಡುತ್ತಿತ್ತು. ಕಂಪನಿಯ ಹೊಸ ನಾಲ್ಕು ಶಾಕ್, ಸ್ಪ್ರಿಂಗ್ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಎತ್ತರವನ್ನೂ ಬಿಗಿಯನ್ನೂ ಹೊಂದಿಸಬಹುದಾದ ಕಾಯ್ಲೋವರ್ ಸೆಟ್ಟಿನ ಬೆಲೆಗೆ ಹತ್ತಿರ ಬರುತ್ತಿತ್ತು. ಹಾಗೆ ಶುರುವಾಯಿತು.

ಈ ಕಾರಿನಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ವಿನ್ಯಾಸ ಅದು. ಶಾಕ್ ಅಬ್ಸಾರ್ಬರ್ರೇ ಚಕ್ರವನ್ನು ಹಿಡಿದು ನಿಲ್ಲಿಸುವ ಕಂಬವೂ ಆಗಿರುತ್ತದೆ, ಸ್ಪ್ರಿಂಗು ಅದರ ಸುತ್ತ ಕೂರುತ್ತದೆ. ಹಿಂದೆ ಹಾಗಲ್ಲ. ಅಲ್ಲಿ ಹಲವು ತೋಳುಗಳು ಚಕ್ರ ಹಿಡಿಯುವ ಮಲ್ಟಿ ಲಿಂಕ್, ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹೀಗಾಗಿ ಕಾಯ್ಲೋವರ್ ಎಂದು ಕರೆದರೂ ಹಿಂದೆ ಬರುವುದು ಸ್ಕ್ರೂವಿನಂತೆ ಮರೆ (ತಿರುಪಿನ ಗೆರೆ) ಇರುವ, ತಿರುಗಿಸಬಹುದಾದ ಒಂದು ಸ್ಪ್ರಿಂಗ್ ಪೀಠ ಮತ್ತು ಪ್ರತ್ಯೇಕ ಶಾಕ್. ಈ ವ್ಯತ್ಯಾಸ ಮುಂದೆ ಲೆಕ್ಕದಲ್ಲಿ ಬರುತ್ತದೆ, ಅದಕ್ಕೇ ಈಗಲೇ ಹೇಳಿದೆ.

ಕುಯ್ಲು ಮುಗಿದು, ಕಾಫಿ ಒಣಗಿ, ಚೀಲ ಕಟ್ಟಿ, ಕಣ ಖಾಲಿಯಾದದ್ದು ಏಪ್ರಿಲ್ ಮೊದಲ ವಾರ. ನನಗೆ ಬೇಕಿದ್ದದ್ದು ಅದೇ ಜಾಗ. ಊರಿನ ಗ್ಯಾರೇಜಿನ ಮೇಸ್ತ್ರಿ ಸ್ಪ್ರಿಂಗ್ ಕಂಪ್ರೆಸ್ಸರ್ ಕೊಟ್ಟು, ಒಂದೇ ಮಾತು ಹೇಳಿ ಕಳಿಸಿದರು: “ಬೋಲ್ಟ್ ಎಲ್ಲ ಹೊಸದು ತರಿಸಿದ್ದೀಯೇನಪ್ಪ? ಈ ಗಾಡಿಗಳಲ್ಲಿ ಹಳೇದು ಮತ್ತೆ ಹಾಕ್ಬಾರ್ದು.” ತರಿಸಿದ್ದೆ. ಜರ್ಮನ್ ಕಾರುಗಳ ಸಸ್ಪೆನ್ಷನ್ ಬೋಲ್ಟುಗಳಲ್ಲಿ ಹಲವು ಒಮ್ಮೆ ಬಿಗಿದಾಗ ಹಿಗ್ಗಿ ಹಿಡಿಯುವಂಥವು. ನಿಗದಿತ ಟಾರ್ಕ್‌ಗೆ ಬಿಗಿದು ಆಮೇಲೆ ಇನ್ನೂ ಕಾಲು ಸುತ್ತು ತಿರುಗಿಸಬೇಕು. ಎರಡನೇ ಸಲಕ್ಕೆ ಅವುಗಳ ಮೇಲೆ ಭರವಸೆ ಇಡುವಂತಿಲ್ಲ.

ಬಿಚ್ಚುವ ಕೆಲಸದಲ್ಲಿ ಕಾಡಿದ್ದು ಒಂದೇ ಕಡೆ. ಮುಂದಿನ ಸ್ಟ್ರಟ್ಟಿನ ಬುಡವನ್ನು ಚಕ್ರ ಕೂರುವ ಹಬ್ಬಿನ ಎರಕ ಸೀಳಿನಂಥ ಹಿಡಿಯಲ್ಲಿ ಅಪ್ಪಿಕೊಂಡಿರುತ್ತದೆ. ಸೀಳನ್ನು ಅಗಲಿಸದೆ ಸ್ಟ್ರಟ್ ಬರುವುದಿಲ್ಲ. ಉಳಿ ಹಾಕಿ ಬಡಿಯಬಾರದು, ಅಲ್ಯೂಮಿನಿಯಂ ಬಿರುಕು ಬಿಡುತ್ತದೆ. ಅದಕ್ಕೆಂದೇ ಚಪ್ಪಟೆ ತುದಿಯ ಒಂದು ಬಿಟ್ ಇದೆ, ಸೀಳಿನೊಳಗೆ ಇಟ್ಟು ಕಾಲು ಸುತ್ತು ತಿರುಗಿಸಿದರೆ ಬಾಯಿ ಬಿಡುತ್ತದೆ. ಉಳಿದಂತೆ ವೈಪರ್ ಬಿಚ್ಚು, ಗಾಜಿನ ಬುಡದ ಪ್ಲಾಸ್ಟಿಕ್ ತೆಗೆ, ಮೇಲಿನ ಮೂರು ಬೋಲ್ಟು, ಎಡಬಲ ಚಕ್ರಗಳನ್ನು ಜೋಡಿಸಿ ಕಾರು ವಾಲದಂತೆ ಹಿಡಿಯುವ ಆ್ಯಂಟಿ ರೋಲ್ ಬಾರಿನ ಲಿಂಕ್, ಎಬಿಎಸ್ ವೈರಿನ ಕ್ಲಿಪ್ಪು. ಕೈಗೆ ಸಿಗುವ ಕೆಲಸ. ಮೇಲಿನ ಮೌಂಟು ಮತ್ತು ಬೇರಿಂಗನ್ನೂ ಹೊಸದು ಹಾಕಿದೆವು.

ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ಹಿಂದಿನ ತೋಳುಗಳ ಬುಷ್ಷುಗಳಲ್ಲಿ ರಬ್ಬರು ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡೇ ಇರುತ್ತದೆ. ಅದು ಉರುಳುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಬೋಲ್ಟ್ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದ ಗಳಿಗೆಯಿಂದ ರಬ್ಬರು ತಿರುಚಿಕೊಂಡೇ ನಿಲ್ಲುತ್ತದೆ. ಬೇಗ ಹರಿಯುತ್ತದೆ. ಅದಕ್ಕೂ ಮೊದಲು ಕಾರನ್ನು ಸುಳ್ಳು ಎತ್ತರದಲ್ಲಿ ಎತ್ತಿ ಹಿಡಿದಿರುತ್ತದೆ. ನೀವು ಅಳತೆ ಮಾಡುವುದು ಸ್ಪ್ರಿಂಗಿನ ಎತ್ತರವನ್ನಲ್ಲ, ತಿರುಚಿದ ರಬ್ಬರಿನ ಎತ್ತರವನ್ನು. ಆದ್ದರಿಂದ ಹಬ್ಬಿನ ಕೆಳಗೆ ಜಾಕ್ ಕೊಟ್ಟು, ಕಾರು ನಿಲ್ಲುವ ಎತ್ತರಕ್ಕೆ ತೋಳನ್ನು ತಂದು, ಆಮೇಲೆ ಬಿಗಿಯಬೇಕು. ನಂತರ ಎತ್ತರವನ್ನು ಸಾಕಷ್ಟು ಬದಲಿಸಿದರೆ ಮತ್ತೆ ಸಡಿಲಿಸಿ ಮತ್ತೆ ಬಿಗಿಯಬೇಕು. ನಾನು ಈ ಕೆಲಸವನ್ನು ಒಟ್ಟು ಮೂರು ಸಲ ಮಾಡಿದೆ.

ಎರಡನೇ ದಿನ ಸಂಜೆ ಚಕ್ರದ ಬೋಲ್ಟುಗಳನ್ನು 120 ನ್ಯೂಟನ್ ಮೀಟರಿಗೆ ಬಿಗಿದು ಕಾರನ್ನು ಇಳಿಸಿದಾಗ ಅದು ಹಳೆಯ ಎತ್ತರಕ್ಕಿಂತ 35 ಮಿ.ಮೀ. ಕೆಳಗೆ ಕೂತಿತ್ತು. ಮಡ್‌ಗಾರ್ಡಿನ ಕಮಾನು ಟಯರನ್ನು ತುಂಬಿಕೊಂಡಿತ್ತು. ಕಣದ ಅಂಚಿನ ಸಿಲ್ವರ್ ಓಕ್ ಮರಗಳ ನಡುವೆ ಬಿಸಿಲು ಓರೆಯಾಗಿ ಬಿದ್ದಿತ್ತು. ಅಷ್ಟು ಚೆಂದದ ವಸ್ತು ನಮ್ಮ ಅಂಗಳದಲ್ಲಿ ನಿಂತದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಮಾದಾಪುರದ ಕಡೆ ಹೊರಟೆ. ಅಲ್ಲಿಂದ ಹಟ್ಟಿಹೊಳೆ, ಮಕ್ಕಂದೂರು ಮೇಲೆ ಮಡಿಕೇರಿ. 2018ರ ಆಗಸ್ಟಿನ ಭೂಕುಸಿತದಲ್ಲಿ ಪೆಟ್ಟು ತಿಂದ ಸೀಮೆ ಅದು. ಒಂದು ಕಡೆ ನುಣುಪು ಡಾಂಬರು, ತಿರುವು ದಾಟಿದರೆ ತಗ್ಗಿದ ಅಂಚು, ಮೋರಿಯ ಮೇಲೆ ದಿಣ್ಣೆ. ಕಾರಿನ ಸಸ್ಪೆನ್ಷನ್ನಿಗೆ ಇದಕ್ಕಿಂತ ಪ್ರಾಮಾಣಿಕ ಪರೀಕ್ಷಕ ನಮ್ಮಲ್ಲಿ ಇಲ್ಲ. ನುಣುಪಿನ ಜಾಗದಲ್ಲಿ ಸ್ಟೀರಿಂಗು ಚುರುಕಾಗಿತ್ತು, ಮನಸ್ಸು ಹಿಗ್ಗಿತು. ಹಟ್ಟಿಹೊಳೆ ದಾಟಿ ಒಂದು ಎಡ ತಿರುವಿನ ಮಧ್ಯೆ ಸಣ್ಣ ತಗ್ಗು ಸಿಕ್ಕಿತು. ಮುಂದಿನಿಂದ ‘ಧಡ್’ ಎಂದು ಬಂತು, ಕಾರು ಅರ್ಧ ಅಡಿ ಹೊರಕ್ಕೆ ಜಿಗಿಯಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ವೇಗವೂ ಹೆಚ್ಚಿರಲಿಲ್ಲ. ಆದರೂ ಗಾಡಿ ಪಕ್ಕಕ್ಕೆ ಹಾಕಿ ಐದು ನಿಮಿಷ ಕೂತೆ. ಹಳೆಯ, ಎಣ್ಣೆ ಸೋರುವ ಶಾಕ್ ಇದ್ದಾಗಲೂ ಇದೇ ತಗ್ಗಿನಲ್ಲಿ ಕಾರು ಹೀಗೆ ಮಾಡಿರಲಿಲ್ಲ.

ಸಂಜೆ ಮೇಸ್ತ್ರಿ ಬಂದು ಎಲ್ಲ ಕೇಳಿದರು. ಏನೂ ಮಾತಾಡದೆ ತಮ್ಮ ಪೆಟ್ಟಿಗೆಯಿಂದ ವೈರ್ ಕಟ್ಟುವ ಎರಡು ಜಿಪ್ ಟೈ ತೆಗೆದು, ಮುಂದಿನ ಶಾಕುಗಳ ಹೊಳೆಯುವ ರಾಡಿಗೆ ಒಂದೊಂದು ಸುತ್ತಿ, ಕೆಳಗೆ ಸೀಲಿನ ತನಕ ಸರಿಸಿದರು. “ನಾಳೆ ಅದೇ ರೋಡಲ್ಲಿ ಹೋಗಿ ಬಾ. ಇದು ಎಲ್ಲಿವರೆಗೆ ಮೇಲೆ ಹೋಗಿದೆ ನೋಡು.”

ನೋಡಿದೆ. ಎರಡೂ ಜಿಪ್ ಟೈಗಳು ಶಾಕಿನ ಓಟವನ್ನು ಕೊನೆಗೆ ತಡೆಯುವ ಮೇಲಿನ ಬಂಪ್ ಸ್ಟಾಪಿನ ರಬ್ಬರಿಗೆ ಒತ್ತಿಕೊಂಡು ನಿಂತಿದ್ದವು. ಕಾರು ನಿಂತಲ್ಲಿಂದ ರಬ್ಬರಿಗೆ ಎಷ್ಟು ಜಾಗ ಇದೆ ಎಂದು ಅಳೆದರೆ 28 ಮಿ.ಮೀ. ಅಷ್ಟು ಮಾತ್ರ. ನನ್ನ ಸೆಟ್ಟಿನಲ್ಲಿ ಎತ್ತರ ಇಳಿಸುವುದು ಸ್ಪ್ರಿಂಗಿನ ಪೀಠವನ್ನು ತಿರುಗಿಸಿ. ಕಾರು ಇಳಿದಷ್ಟೂ ಶಾಕಿನ ರಾಡು ಒಳಗೆ ಹೋಗಿ, ಗುಂಡಿ ನುಂಗಲು ಉಳಿಯುವ ಓಟ ಕಡಿಮೆಯಾಗುತ್ತದೆ. ಬುಡವನ್ನೇ ಬೇರೆಯಾಗಿ ಹೊಂದಿಸುವ ದುಬಾರಿ ಸೆಟ್ಟುಗಳಲ್ಲಿ ಈ ನಷ್ಟ ಇಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಆಗಲೇ ಒತ್ತಿಕೊಂಡಿರುತ್ತದೆ, ಮೇಲಿಂದ ಒಂದು ತಗ್ಗು ಬಂದರೆ ರಾಡು ರಬ್ಬರಿಗೆ ಹೊಡೆಯುತ್ತದೆ. ಆ ಕ್ಷಣ ಆ ಮೂಲೆಯ ಸ್ಪ್ರಿಂಗು ಕಬ್ಬಿಣದ ತುಂಡಿನಷ್ಟು ಗಟ್ಟಿಯಾಗುತ್ತದೆ, ಟಯರು ಹಿಡಿತ ಬಿಡುತ್ತದೆ. ನಾನು ಕೇಳಿದ ‘ಧಡ್’ ಅದೇ.

ಇನ್ನೊಂದು ಕಾರಣವೂ ಇತ್ತು. ಅದು ಗೊತ್ತಾಗಲು ನಾನು ಕಾರಿನ ಕೆಳಗೆ ಮಲಗಿ ಮುಂದಿನ ಕೆಳತೋಳನ್ನು ಬಹಳ ಹೊತ್ತು ನೋಡಬೇಕಾಯಿತು. ಕಂಪನಿ ಎತ್ತರದಲ್ಲಿ ಆ ತೋಳು ಹೊರತುದಿಯ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ತಿರುವಿನಲ್ಲಿ ಚಕ್ರ ಮೇಲೆದ್ದಾಗ ತೋಳು ಸಮತಲದ ಕಡೆಗೆ ಬರುತ್ತದೆ, ಚಕ್ರದ ಬುಡ ಹೊರಕ್ಕೆ ಸರಿಯುತ್ತದೆ, ಟಯರು ರಸ್ತೆಗೆ ಒರಗಲು ಬೇಕಾದ ಓರೆ ಸಿಗುತ್ತದೆ. ನಾನು ಇಳಿಸಿದ ಎತ್ತರದಲ್ಲಿ ತೋಳು ನಿಂತಲ್ಲೇ ಸಮತಲ ದಾಟಿತ್ತು. ಇನ್ನು ಮೇಲೆದ್ದರೆ ಬುಡ ಒಳಕ್ಕೆ ಬರುತ್ತದೆ, ಬೇಕಾದ ಹೊತ್ತಿನಲ್ಲಿ ಓರೆ ಕಳೆದುಹೋಗುತ್ತದೆ. ಜೊತೆಗೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಎಂಬುದು ಕಾರಿನ ಭಾರಕೇಂದ್ರಕ್ಕಿಂತ ಹೆಚ್ಚು ಕೆಳಗೆ ಕುಸಿಯುತ್ತದೆ. ಎರಡರ ನಡುವಿನ ಅಂತರ ಬೆಳೆದಷ್ಟೂ ವಾಲಿಸುವ ಸನ್ನೆ ಉದ್ದವಾಗುತ್ತದೆ. ಕಾರು ಇಳಿಸಿದರೆ ವಾಲುವುದು ಕಡಿಮೆ ಎಂದು ನಾನು ನಂಬಿಕೊಂಡಿದ್ದೆ. ಮ್ಯಾಕ್‌ಫರ್ಸನ್ ಸ್ಟ್ರಟ್ಟಿನ ಕಾರಿನಲ್ಲಿ ಒಂದು ಮಿತಿ ದಾಟಿದ ಮೇಲೆ ಇಳಿಸಿದ್ದರ ಲಾಭವನ್ನು ಈ ಸನ್ನೆ ತಿಂದುಹಾಕುತ್ತದೆ.

ಎತ್ತರಿಸಬೇಕು ಎಂಬುದು ಅಲ್ಲಿಗೆ ನಿಶ್ಚಯವಾಯಿತು. 35 ಇದ್ದದ್ದನ್ನು ಮುಂದೆ 18ಕ್ಕೆ, ಹಿಂದೆ 15ಕ್ಕೆ ತಂದೆ. ಮುಂದೆ ಓಟ 28ರಿಂದ 45 ಮಿ.ಮೀ.ಗೆ ಏರಿತು. ಕಮಾನಿನೊಳಗೆ ಮತ್ತೆ ಬೆಳಕು ಕಂಡಿತು. ಆ ಬೆಳಕು ನನಗೆ ಬೇಸರ ತರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಹಟ್ಟಿಹೊಳೆಯ ಆ ತಗ್ಗಿನ ಮೇಲೆ ಕಾರು ಮೊದಲ ಸಲ ಸದ್ದಿಲ್ಲದೆ ಹಾದುಹೋದಾಗ ಬೇಸರ ಅಲ್ಲೇ ಬಿಟ್ಟುಹೋಯಿತು.

ಎತ್ತರವನ್ನು ನೆಲದಿಂದ ಅಳೆಯಬೇಡಿ. ಟಯರಿನ ಗಾಳಿ, ಸವೆತ, ನೆಲದ ಉಬ್ಬು ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತವೆ. ಹಬ್ಬಿನ ನಡುಬಿಂದುವಿನಿಂದ ಕಮಾನಿನ ಅಂಚಿಗೆ ಅಳೆಯಿರಿ. ಮುಂದೆ ಪೀಠ ಎಷ್ಟು ಏರಿಸಿದರೆ ಚಕ್ರದ ಬಳಿ ಸುಮಾರು ಅಷ್ಟೇ ಏರುತ್ತದೆ. ಹಿಂದೆ ಸ್ಪ್ರಿಂಗು ಚಕ್ರಕ್ಕಿಂತ ಒಳಗೆ, ತೋಳಿನ ನಡುವಿನ ಕಡೆ ಕೂತಿರುವುದರಿಂದ ಪೀಠದ 1 ಮಿ.ಮೀ. ಚಕ್ರದ ಬಳಿ ಅದಕ್ಕಿಂತ ಹೆಚ್ಚಾಗುತ್ತದೆ. ಇದು ಗೊತ್ತಿಲ್ಲದೆ ಹಿಂದೆ ಎರಡು ಸಲ ಹೆಚ್ಚು ತಿರುಗಿಸಿ, ಎರಡು ಸಲ ಇಳಿಸಿದೆ. ಪೀಠ ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಹಲವರು ಹೇಳುತ್ತಾರೆ. ಒಂದೇ ಅಂತರದ ಸುತ್ತುಗಳಿರುವ ಸ್ಪ್ರಿಂಗಿನ ಗಡಸುತನ ಅದರ ತಂತಿಯಲ್ಲಿ, ಸುತ್ತಿನಲ್ಲಿ ಇರುತ್ತದೆ. ಪೀಠ ತಿರುಗಿಸಿದರೆ ಬದಲಾಗುವುದು ಎತ್ತರ ಮಾತ್ರ.

ಈಗ ಕಣದ ವಿಷಯ. ಕಾಫಿ ಕಣವನ್ನು ಯಾರೂ ಸಮತಟ್ಟಾಗಿ ಕಟ್ಟುವುದಿಲ್ಲ, ಮಳೆ ನೀರು ನಿಲ್ಲಬಾರದಲ್ಲ. ಕಣ್ಣಿಗೆ ಸಮ ಕಾಣುವ ನಮ್ಮ ಕಣದಲ್ಲಿ ಕಾರಿನ ನಾಲ್ಕು ಚಕ್ರ ನಿಲ್ಲುವ ಜಾಗಗಳ ನಡುವೆ 31 ಮಿ.ಮೀ. ವ್ಯತ್ಯಾಸ ಇತ್ತು. ಗಾರೆ ಕೆಲಸದವರು ಬಳಸುವ ನೀರಿನ ಪೈಪ್ ಲೆವೆಲ್ ಹಿಡಿದು ಭಾವ ಒಂದು ತುದಿ, ನಾನು ಒಂದು ತುದಿ ನಿಂತು ಗುರುತು ಹಾಕಿದೆವು. ಮನೆ ಕಟ್ಟಿದಾಗ ಉಳಿದಿದ್ದ ನೆಲದ ಟೈಲ್ಸು, ಪ್ಲೈವುಡ್ ತುಂಡು, ತಗಡು ಪೇರಿಸಿ ನಾಲ್ಕು ಜಾಗವನ್ನೂ ಒಂದೇ ಮಟ್ಟಕ್ಕೆ ತಂದೆವು. ಒಂದು ಮಿಲಿಮೀಟರಿನೊಳಗೆ ಬರಲು ಅರ್ಧ ದಿನ ಹೋಯಿತು. ಆ ಜಾಗಗಳಿಗೆ ಬಣ್ಣದಲ್ಲಿ ಚೌಕ ಬರೆದಿಟ್ಟಿದ್ದೇನೆ, ಮುಂದಿನ ಕುಯ್ಲಿನವರೆಗೆ ಅಳಿಸಬಾರದೆಂದು ತೋಟದ ಲೆಕ್ಕ ಬರೆಯುವ ರೈಟರಿಗೂ ಹೇಳಿದ್ದೇನೆ.

ತೂಕ ನೋಡುವ ಯೋಚನೆ ಬಂದದ್ದು ಅಪ್ಪನಿಗೆ. ನಾನು ನಾಲ್ಕು ಮೂಲೆಯ ಭಾರ ಹೊಂದಿಸಬೇಕು, ಅದಕ್ಕೆ ಬೇಕಾದ ಯಂತ್ರ ಬೆಂಗಳೂರಿನಲ್ಲೇ ಸಿಗಬೇಕು ಎಂದು ಊಟದ ಹೊತ್ತಿಗೆ ಹೇಳುತ್ತಿದ್ದೆ. ಅಪ್ಪ, “ತೂಕದ ಮೆಷಿನ್ ಇಲ್ಲದ ಊರಾ ಇದು?” ಎಂದರು. ನಿಜ. ಕಾಫಿ, ಮೆಣಸು ಕೊಳ್ಳುವ ಪರಿಚಯದ ವ್ಯಾಪಾರಿಯ ಹತ್ತಿರ 500 ಕಿಲೋ ತಾಳುವ ಎರಡು ಪ್ಲಾಟ್‌ಫಾರ್ಮ್ ತಕ್ಕಡಿಗಳಿದ್ದವು, ಎರಡೂ ಒಂದೇ ಮಾಡೆಲ್. ಭಾನುವಾರಕ್ಕೆ ಕೊಟ್ಟರು. ನಾಲ್ಕು ಬೇಕೆಂದೇನೂ ಇಲ್ಲ. ಮುಂದಿನ ಚಕ್ರಗಳು ತಕ್ಕಡಿ ಮೇಲೆ ಇರುವಾಗ ಹಿಂದಿನವು ಅಷ್ಟೇ ಎತ್ತರದ ಮರದ ದಿಮ್ಮಿಗಳ ಮೇಲಿರಲಿ, ಆಮೇಲೆ ಅದಲು ಬದಲು.

ತೂಕ ಸುಳ್ಳು ಹೇಳದಿರಲು ಕೆಲವು ಜಾಗ್ರತೆ ಬೇಕು. ಆ್ಯಂಟಿ ರೋಲ್ ಬಾರಿನ ಲಿಂಕನ್ನು ಮುಂದೆಯೂ ಹಿಂದೆಯೂ ಒಂದು ಬದಿಗೆ ಕಳಚಿಡಬೇಕು, ಇಲ್ಲದಿದ್ದರೆ ಆ ಸರಳು ತಿರುಚಿಕೊಂಡು ಒಂದು ಬದಿಯ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಜಾಕಿನಿಂದ ಇಳಿಸಿದ ಕಾರಿನ ಟಯರುಗಳು ಒಳಕ್ಕೆ ಎಳೆದುಕೊಂಡು ನಿಂತಿರುತ್ತವೆ. ಪ್ರತಿ ಟಯರಿನ ಕೆಳಗೆ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಎರಡು ಮಡಿಕೆ ಹಾಕಿದರೆ ಜಾರಿ ಹೊರಗೆ ಬಂದು ತಮ್ಮ ಜಾಗಕ್ಕೆ ಕೂರುತ್ತವೆ. ಕಾರಿನ ನಾಲ್ಕೂ ಮೂಲೆ ಒತ್ತಿ ಕುಣಿಸಿ ಬಿಡಬೇಕು. ಕೊನೆಯದಾಗಿ, ಓಡಿಸುವವನ ಭಾರ. ನಾನು 75 ಕಿಲೋ. ಬಲಗಡೆಯ ಸೀಟಿನಲ್ಲಿ 50 ಕಿಲೋ ಅಕ್ಕಿ ಮೂಟೆ, ಅದರ ಮೇಲೆ 25ರದ್ದು ಇನ್ನೊಂದು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್.

ಮೊದಲ ಸಲ ಬಂದ ಅಂಕಿ: ಮುಂದೆ ಬಲ 422, ಎಡ 438. ಹಿಂದೆ ಬಲ 328, ಎಡ 282. ಒಟ್ಟು 1470 ಕಿಲೋ. ಮೂಲೆಯಿಂದ ಮೂಲೆಗೆ ಕೂಡಿಸಿದರೆ ಬಲ ಮುಂದೆ ಮತ್ತು ಎಡ ಹಿಂದೆ ಸೇರಿ 704, ಅಂದರೆ ಶೇ. 47.9. ಇನ್ನೊಂದು ಜೋಡಿ 766. ಬಲ ತಿರುವಿಗೂ ಎಡ ತಿರುವಿಗೂ ಕಾರಿನ ಸ್ವಭಾವ ಬೇರೆಯಾಗಿ ಕಾಣುತ್ತಿದ್ದದ್ದು ನನ್ನ ಭ್ರಮೆಯಲ್ಲ ಎಂದು ಅಲ್ಲಿ ತಿಳಿಯಿತು. ನಾನು ನಾಲ್ಕೂ ಕಮಾನುಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಸಮ ಮಾಡಿದ್ದೆ. ಆದರೆ ಹಿಂದಿನ ಮಾಲೀಕರ ಕಾಲದಲ್ಲಿ ಎಲ್ಲೋ ತಗುಲಿ ಎಡ ಮುಂದಿನ ಮಡ್‌ಗಾರ್ಡ್ ಬದಲಾಗಿದೆ, ಅದರ ಅಂಚು ಇನ್ನೊಂದು ಬದಿಯಷ್ಟೇ ಎತ್ತರದಲ್ಲಿ ಇಲ್ಲ. ಕಮಾನನ್ನು ನಂಬಿ ಕಾರನ್ನು ತಿರುಚಿ ನಿಲ್ಲಿಸಿದ್ದೆ, ಮೂರು ಕಾಲು ನೆಲ ಮುಟ್ಟಿ ನಾಲ್ಕನೆಯದು ಅಲ್ಲಾಡುವ ಮೇಜಿನ ಹಾಗೆ.

ಪೀಠ ತಿರುಗಿಸಿ ಏನು ಬದಲಿಸಬಹುದು, ಏನು ಆಗದು ಎಂಬುದು ಈ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಪಾಠ. ಮುಂದಿನ ಒಟ್ಟು 860, ಹಿಂದಿನ ಒಟ್ಟು 610, ಬಲದ ಒಟ್ಟು 750, ಎಡದ ಒಟ್ಟು 720. ಈ ನಾಲ್ಕು ಅಂಕಿಗಳನ್ನು ಯಾವ ಪೀಠವೂ ಅಲುಗಿಸಲಾರದು. ಎಂಜಿನ್ ಮುಂದಿದೆ, ನಾನು ಬಲಕ್ಕೆ ಕೂರುತ್ತೇನೆ, ಅಷ್ಟೇ. ಸಾಮಾನು ಸ್ಥಳಾಂತರಿಸಿದರೆ ಮಾತ್ರ ಅವು ಬದಲಾಗುತ್ತವೆ. ಪೀಠದ ಕೈಯಲ್ಲಿರುವುದು ಮೂಲೆ ಜೋಡಿಗಳ ಹಂಚಿಕೆ. ಒಂದು ಮೂಲೆ ಏರಿಸಿದರೆ ಅದರದೂ ಅದರ ಎದುರು ಮೂಲೆಯದೂ ಭಾರ ಹೆಚ್ಚುತ್ತದೆ, ಉಳಿದೆರಡರದು ಇಳಿಯುತ್ತದೆ. ನನ್ನ ಸೆಟ್ಟಿನಲ್ಲಿ ಒಂದು ಸುತ್ತು ಅಂದರೆ 2 ಮಿ.ಮೀ. ಒಂದೇ ಮೂಲೆಯನ್ನು ಜಾಸ್ತಿ ಏರಿಸಿದರೆ ಎತ್ತರ ಕೆಡುತ್ತದೆ ಎಂದು ನಾಲ್ಕಕ್ಕೂ ಹಂಚಿದೆ. ಬಲ ಮುಂದೆ ಒಂದೂವರೆ ಸುತ್ತು ಮೇಲೆ, ಎಡ ಮುಂದೆ ಒಂದೂವರೆ ಕೆಳಗೆ, ಎಡ ಹಿಂದೆ ಒಂದು ಮೇಲೆ, ಬಲ ಹಿಂದೆ ಒಂದು ಕೆಳಗೆ. ಮತ್ತೆ ತಕ್ಕಡಿ. 434, 426, 316, 294. ಬಲ ಮುಂದಿನ ಜೋಡಿ 728, ಶೇ. 49.5. ಸಂಜೆಯಾಗಿತ್ತು, ತಕ್ಕಡಿ ವಾಪಸ್ ಕೊಡಬೇಕಿತ್ತು. ಅಷ್ಟಕ್ಕೆ ನಿಲ್ಲಿಸಿದೆ, ಇವತ್ತಿಗೂ ಅಷ್ಟೇ ಇದೆ. ಕಮಾನುಗಳನ್ನು ಅಳೆದರೆ ಎಡ ಬಲಕ್ಕೆ ಕೆಲವು ಮಿ.ಮೀ. ವ್ಯತ್ಯಾಸ ಸಿಗುತ್ತದೆ, ಸಿಗಲಿ.

ಆಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಹೊಂದಿಸುವುದು. ಈ ಸರದಿ ಮುಖ್ಯ: ಗಾಳಿ, ಎತ್ತರ, ಭಾರ, ಕ್ಯಾಂಬರ್ (ಎದುರಿನಿಂದ ನೋಡಿದರೆ ಚಕ್ರ ವಾಲಿರುವ ಓರೆ), ಕೊನೆಗೆ ಟೋ (ಮೇಲಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು). ಮೊದಲಿನದು ಬದಲಾದರೆ ನಂತರದ್ದೆಲ್ಲ ಬದಲಾಗುತ್ತದೆ. ನಾನು ಮೊದಲು ಒಂದು ಅಂಗಡಿಗೆ ಹೋದೆ. ಪರದೆ ಮೇಲೆ ಎಲ್ಲವೂ ಹಸಿರು ತೋರಿಸಿ ಕಳಿಸಿದರು. ಹೆದ್ದಾರಿಗೆ ಬಂದರೆ ಸ್ಟೀರಿಂಗು ಎಡಕ್ಕೆ ಓರೆ, ಕೈ ಬಿಟ್ಟರೆ ಕಾರು ಬಲಕ್ಕೆ. ಹಿಂದಿನ ಚಕ್ರಗಳನ್ನು ಮುಟ್ಟಿಯೇ ಇರಲಿಲ್ಲ. ಹಿಂದಿನ ಟೋ ಎಡಬಲ ಸಮ ಇಲ್ಲದಿದ್ದರೆ ಕಾರು ಏಡಿಯ ಹಾಗೆ ಓರೆಯಾಗಿ ನಡೆಯುತ್ತದೆ, ಅದನ್ನು ಸರಿದೂಗಿಸಲು ನಾವು ಸ್ಟೀರಿಂಗ್ ಓರೆ ಹಿಡಿಯುತ್ತೇವೆ. ಮುಂದಿನ ಚಕ್ರ ಎಷ್ಟು ತಿದ್ದಿದರೂ ಅದು ಹೋಗದು.

ಹಾಗಾಗಿ ದಾರ ಕಟ್ಟಿದೆ. ಗಾರೆಯವರ ನೈಲಾನ್ ದಾರ, ಎರಡು ಪಿವಿಸಿ ಪೈಪು, ಎರಡರಲ್ಲೂ ಒಂದೇ ಅಂತರಕ್ಕೆ ದಾರ ಕೂರುವ ಕಚ್ಚು. ಕಾರಿನ ಮುಂದೊಂದು ಹಿಂದೊಂದು ಇಟ್ಟು, ಹಬ್ಬಿನ ಎತ್ತರಕ್ಕೆ ಎರಡೂ ಬದಿಯಲ್ಲಿ ದಾರ ಎಳೆದರೆ ಎರಡು ಸಮಾನಾಂತರ ಗೆರೆ ಸಿಗುತ್ತವೆ. ಹಬ್ಬಿನಿಂದ ದಾರಕ್ಕೆ ಇರುವ ದೂರ ಆಯಾ ಆ್ಯಕ್ಸಲಿನಲ್ಲಿ ಎಡಕ್ಕೂ ಬಲಕ್ಕೂ ಸಮ ಬರುವವರೆಗೆ ಪೈಪು ಸರಿಸಬೇಕು. ಮುಂದಿನ ದೂರ ಹಿಂದಿನದಕ್ಕೆ ಸಮ ಇರಬೇಕಾಗಿಲ್ಲ, ಎರಡು ಆ್ಯಕ್ಸಲುಗಳ ಅಗಲ ಬೇರೆ. ನಂತರ ಉಕ್ಕಿನ ಸ್ಕೇಲಿನಿಂದ ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚು ಅಳೆಯುವುದು. 18 ಇಂಚಿನ ರಿಮ್ಮಿನ ಹೊರ ಅಂಚು ಸುಮಾರು 490 ಮಿ.ಮೀ. ಅದರ ಮೇಲೆ 1 ಮಿ.ಮೀ. ವ್ಯತ್ಯಾಸ ಅಂದರೆ 7 ನಿಮಿಷ ಕೋನ. ಅರ್ಧ ಮಿಲಿಮೀಟರನ್ನು ಕಣ್ಣು ಓದುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕಿಂತ ಇದು ಉತ್ತಮ ಎಂದು ಹೇಳುತ್ತಿಲ್ಲ. ಮನಸ್ಸಿಟ್ಟು ಕಟ್ಟಿದ ದಾರ ಅವಸರದಲ್ಲಿ ಓಡಿಸಿದ ಯಂತ್ರಕ್ಕಿಂತ ನಂಬಿಕಸ್ಥ, ಅಷ್ಟನ್ನು ಖಂಡಿತ ಹೇಳುತ್ತೇನೆ.

ಹಿಂದೆ ಕ್ಯಾಂಬರಿಗೂ ಟೋಗೂ ತಿರುಗಿಸಿದರೆ ತೋಳನ್ನು ಸರಿಸುವ ಓರೆಗಾಲಿಯ (ಎಕ್ಸೆಂಟ್ರಿಕ್) ಬೋಲ್ಟುಗಳಿವೆ. ಹಿಂದಿನ ಕ್ಯಾಂಬರನ್ನು ಮೈನಸ್ 1 ಡಿಗ್ರಿ 40 ನಿಮಿಷಕ್ಕೆ, ಟೋ ಪ್ರತಿ ಚಕ್ರಕ್ಕೆ 1 ಮಿ.ಮೀ. ಒಳಕ್ಕೆ ತಂದೆ. ಮುಂದೆ ಕ್ಯಾಂಬರ್ ಬದಲಿಸುವ ಅವಕಾಶ ಕಂಪನಿ ಕೊಟ್ಟಿಲ್ಲ. ಎಡಕ್ಕೆ ಮೈನಸ್ 1 ಡಿಗ್ರಿ 5 ನಿಮಿಷ, ಬಲಕ್ಕೆ ಮೈನಸ್ 35 ನಿಮಿಷ ಇತ್ತು. ಕೆಳತೋಳುಗಳನ್ನು ಹಿಡಿದ ಸಬ್‌ಫ್ರೇಮಿನ ಬೋಲ್ಟ್ ಸಡಿಲಿಸಿ ಇಡೀ ಚೌಕಟ್ಟನ್ನು ಪಕ್ಕಕ್ಕೆ ಕೊಂಚ ಜರುಗಿಸಿದಾಗ ಎರಡೂ ಮೈನಸ್ 50 ನಿಮಿಷಕ್ಕೆ ಬಂದವು. ಇನ್ನಷ್ಟು ಬೇಕಾದರೆ ಮೇಲೆ ಕ್ಯಾಂಬರ್ ಪ್ಲೇಟ್ ಹಾಕಬಹುದು, ಆದರೆ ರಬ್ಬರ್ ಮೌಂಟಿನ ಜಾಗಕ್ಕೆ ಲೋಹದ ಕೀಲು ಬಂದರೆ ನಮ್ಮ ರಸ್ತೆಯ ಪ್ರತಿ ಕಲ್ಲೂ ಕ್ಯಾಬಿನಿನೊಳಗೆ ಮಾತಾಡುತ್ತದೆ. ಬೇಡವೆಂದೆ. ಮುಂದಿನ ಟೋ ಸೊನ್ನೆ. ಕೊನೆಗೆ ಲ್ಯಾಪ್‌ಟಾಪ್ ಜೋಡಿಸಿ ಸ್ಟೀರಿಂಗ್ ಕೋನದ ಸೆನ್ಸರಿಗೆ ಹೊಸ ನಡುಬಿಂದು ಕಲಿಸಿದ್ದಾಯಿತು. ಹೆಡ್‌ಲೈಟಿನ ಮಟ್ಟವನ್ನೂ ಆಗಲೇ ಹೊಂದಿಸಬೇಕು. ಕ್ಸೆನಾನ್ ದೀಪಗಳು ಸಸ್ಪೆನ್ಷನ್ ತೋಳಿಗೆ ಕಟ್ಟಿದ ಸೆನ್ಸರು ನೋಡಿಕೊಂಡು ಏರಿಳಿಯುತ್ತವೆ. ಕಾರಿನ ಎತ್ತರ ಬದಲಾದರೆ ಅವುಗಳ ಲೆಕ್ಕವೂ ತಪ್ಪುತ್ತದೆ. ಮಡಿಕೇರಿಯ ಮಂಜಿನಲ್ಲಿ ಬೆಳಕು ಒಂದು ಗೇಣು ಮೇಲೆ ಹೋದರೂ ಮುಂದೆ ಬಿಳಿ ಗೋಡೆ ನಿಲ್ಲುತ್ತದೆ.

ಉಳಿದದ್ದು ಶಾಕಿನ ಬಿಗಿ. ಅದನ್ನು ಹೆಚ್ಚು ಕಡಿಮೆ ಮಾಡಲು 16 ಕ್ಲಿಕ್ ಇವೆ. ಪೂರ್ತಿ ಬಿಗಿದ ಸ್ಥಾನವನ್ನು ಸೊನ್ನೆ ಎಂದು ಹಿಡಿದು, ಅಲ್ಲಿಂದ ಎಷ್ಟು ಬಿಚ್ಚಿದೆ ಎಂದು ಎಣಿಸುವುದು ರೂಢಿ. ತೋಟದ ಹಳೆಯದೊಂದು ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕದಲ್ಲಿ ದಿನ, ರಸ್ತೆ, ಗಾಳಿ, ಕ್ಲಿಕ್, ಅನಿಸಿದ್ದು ಎಂದು ಗೆರೆ ಹಾಕಿ ಬರೆಯತೊಡಗಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಶುರುವಿಗೆ ಎಲ್ಲ ಕಡೆ 8. ಮೊದಲ ಆಸೆಗೆ 4ಕ್ಕೆ ಬಿಗಿದು ನೋಡಿದೆ. ಕುಶಾಲನಗರದ ಕಡೆಯ ನೇರ ರಸ್ತೆಯಲ್ಲಿ ಕಾರು ಅಂಟಿಕೊಂಡ ಹಾಗೆ ಹೋಯಿತು. ಆದರೆ ತಿತಿಮತಿ ದಾಟಿ ಆನೆಚೌಕೂರಿನ ಕಾಡಿನ ರಸ್ತೆಯಲ್ಲಿ ಒಂದರ ಹಿಂದೊಂದು ಹಂಪ್ ಬಂದಾಗ ವಿಚಿತ್ರ ಅನುಭವ. ಮೊದಲನೆಯದು ಮೆತ್ತಗೆ, ಎರಡನೆಯದು ಗಟ್ಟಿ, ಮೂರನೆಯದಕ್ಕೆ ಮತ್ತೆ ಅದೇ ‘ಧಡ್’. ನನ್ನ ಶಾಕಿನ ಕ್ಲಿಕ್ಕು ಹೆಚ್ಚಾಗಿ ಹಿಡಿಯುವುದು ರಾಡು ಹೊರಬರುವ ಚಲನೆಯನ್ನು, ರೀಬೌಂಡನ್ನು. ಅದು ಅತಿಯಾಗಿ ಬಿಗಿಯಾದರೆ ಒತ್ತಿದ ಚಕ್ರ ಮತ್ತೆ ಕೆಳಗಿಳಿಯುವಷ್ಟರಲ್ಲಿ ಮುಂದಿನ ಹಂಪು ಬಂದಿರುತ್ತದೆ. ಪ್ರತಿ ಹಂಪಿಗೂ ಕಾರು ಮೆಟ್ಟಿಲು ಮೆಟ್ಟಿಲಾಗಿ ಕುಸಿಯುತ್ತದೆ. ಓಟ ಎಷ್ಟಿದ್ದರೂ ಮುಗಿಯುತ್ತದೆ. ಮನೆಗೆ ಬಂದು ಜಿಪ್ ಟೈ ನೋಡಿದರೆ ರಬ್ಬರಿನ ಮೇಲೆ ಕೂತಿತ್ತು.

ಎರಡೆರಡು ಕ್ಲಿಕ್ ಬಿಚ್ಚುತ್ತಾ ಬಂದೆ. 12ರಲ್ಲಿ ಕಾರು ದಿಣ್ಣೆಯ ನಂತರ ಒಂದು ಸಲ ಹೆಚ್ಚಿಗೆ ತೇಲುತ್ತಿತ್ತು. ಒಣ ರಸ್ತೆಗೆ ಮುಂದೆ 10, ಹಿಂದೆ 9 ಎಂದು ಮೇ ಕೊನೆಗೆ ನಿಂತಿತು. ಅಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಓಡಿ ಸ್ಪ್ರಿಂಗುಗಳು 4 ಮಿ.ಮೀ. ಕೂತಿದ್ದವು. ಮತ್ತೆ ಕಣ, ಮತ್ತೆ ಬುಷ್, ಮತ್ತೆ ದಾರ. ಹೊಸ ಸ್ಪ್ರಿಂಗು ಹಾಕಿದ ವಾರದಲ್ಲೇ ಕೊನೆಯ ಅಲೈನ್‌ಮೆಂಟಿಗೆ ದುಡ್ಡು ಕೊಡಬೇಡಿ.

ಜೂನಿನಲ್ಲಿ ಮಳೆ ಹಿಡಿಯಿತು. ಒಣ ರಸ್ತೆಯಲ್ಲಿ ಸೊಗಸಾಗಿದ್ದ ಕಾರು ಪಾಚಿ ಹಿಡಿದ ಡಾಂಬರಿನ ಮೇಲೆ, ಬಿದಿರಿನ ಎಲೆ ಉದುರಿದ ತಿರುವಿನಲ್ಲಿ ಹಿಡಿತ ಹುಡುಕತೊಡಗಿತು. ಒದ್ದೆಯಲ್ಲಿ ಟಯರಿಗೆ ಭಾರ ನಿಧಾನವಾಗಿ, ಮೆತ್ತಗೆ ಬರಬೇಕು. ನಾಲ್ಕೂ ಕಡೆ 12ಕ್ಕೆ ಬಿಚ್ಚಿದೆ. ಆ ತೇಲಾಟ ಒದ್ದೆಯ ವೇಗದಲ್ಲಿ ತೊಂದರೆ ಕೊಡಲಿಲ್ಲ, ಬದಲಿಗೆ ಸ್ಟೀರಿಂಗಿನಲ್ಲಿ ರಸ್ತೆಯ ಸುದ್ದಿ ಮರಳಿ ಬಂತು. ಇಲ್ಲಿಯ ಮಳೆಗೆ ಪೀಠದ ಮರೆಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ ಎಂಬ ಭಯ ಮೊದಲಿಂದ ಇತ್ತು. ಎತ್ತರ ನಿಶ್ಚಯವಾದ ಮೇಲೆ ಮರೆಗಳನ್ನು ಬ್ರಷ್ಷಿನಿಂದ ಉಜ್ಜಿ, ಗ್ರೀಸ್ ತುಂಬಿ, ಮೇಲೆ ಟೇಪು ಸುತ್ತಿದ್ದೇನೆ. ಹದಿನೈದು ದಿನಕ್ಕೊಮ್ಮೆ ಕೆಸರು ತೊಳೆಯುತ್ತೇನೆ.

ಜುಲೈಯ ಒಂದು ಮಧ್ಯಾಹ್ನ ಮಳೆ ಸ್ವಲ್ಪ ಹೊಳವು ಕೊಟ್ಟಾಗ ಅಪ್ಪ ಮಡಿಕೇರಿಗೆ ಹೋಗಬೇಕು ಎಂದರು. ಜೀಪಿನ ಕೀ ಹುಡುಕುತ್ತಿದ್ದವರನ್ನು ನಿಲ್ಲಿಸಿ ಟಿಟಿಯಲ್ಲಿ ಕೂರಿಸಿದೆ. ಏಪ್ರಿಲ್‌ನಲ್ಲಿ ಒಮ್ಮೆ ಕೂತು, “ಬೆನ್ನು ಹೋಯ್ತು ಮಾರಾಯ” ಎಂದು ಗೇಟಿನಲ್ಲೇ ಇಳಿದಿದ್ದರು. ಬೇಕೆಂದೇ ಮಾದಾಪುರದ ದಾರಿ ಹಿಡಿದೆ. ಹಟ್ಟಿಹೊಳೆಯ ತಗ್ಗು, ಮಕ್ಕಂದೂರಿನ ಮೋರಿಗಳು ಎಲ್ಲ ಹಾದುಹೋದವು. ಅಪ್ಪ ದಾರಿಯುದ್ದಕ್ಕೂ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣದ ಸಿಂಪಡಣೆ ತಡವಾಗುತ್ತಿರುವ ಬಗ್ಗೆ ಮಾತಾಡುತ್ತಿದ್ದರು. ಕಾರಿನ ಬಗ್ಗೆ ಒಂದು ಮಾತೂ ಬರಲಿಲ್ಲ.

ಮನೆಗೆ ಬಂದು ಅವರು ಒಳಗೆ ಹೋದ ಮೇಲೆ ಟಾರ್ಚ್ ಹಿಡಿದು ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿದೆ. ಇಬ್ಬರ ಭಾರ, ಮಳೆಗಾಲದ ಅದೇ ರಸ್ತೆ. ಜಿಪ್ ಟೈ ರಬ್ಬರಿಗಿಂತ 11 ಮಿ.ಮೀ. ಕೆಳಗೆ ನಿಂತಿತ್ತು. ಚೆಕ್‌ರೋಲ್ ಪುಸ್ತಕದಲ್ಲಿ ಅಷ್ಟನ್ನೇ ಬರೆದು, ಪೀಠದ ಲಾಕ್ ಸ್ಕ್ರೂಗಳನ್ನು ಬಿಗಿದೆ.